ಪದ ಬೇಕು: ಸಬ್‌ಡ್ಯೂರಲ್ ಹಿಮಟೋಮಾ (ಬೋರ್ಡ್ ನಾಳೆ ಅಚ್ಚಿಗೆ)

ಕುಂಬಳೆ ಹತ್ತಿರದ ಆರೋಗ್ಯ ಕೇಂದ್ರವೊಂದಕ್ಕೆ ಕನ್ನಡ ಬೋರ್ಡ್ ಬರೆಯುತ್ತಿದ್ದೇನೆ. ಮಲಯಾಳದ್ದು ಆಗಲೇ ತಯಾರು. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಮಂಡೆಗೆ ಪೆಟ್ಟಾಗುವ ಅಜ್ಜ ಅಜ್ಜಿಯರಿಗಾಗಿ ಇದು. ಪೆಟ್ಟಿನಿಂದ ಮೆದುಳಿನ ಹೊರಪೊರೆಯಡಿ ನೆತ್ತರು ತುಂಬುವುದೇ ಸಬ್‌ಡ್ಯೂರಲ್ ಹಿಮಟೋಮಾ. ಕೈಗೆ ಬಂದ ಕರಡಿನಲ್ಲಿ ಅದಕ್ಕೆ ‘ಮೆದುಳಿನ ರಕ್ತಗಡ್ಡೆ’ ಎಂದಿದೆ. ಗಡ್ಡೆ ಅಂದ ಕೂಡಲೇ ನಮ್ಮ ಜನ ಕ್ಯಾನ್ಸರ್ ಅಂದುಕೊಳ್ಳುತ್ತಾರೆ, ಅಲ್ವಾ? ಬೇರೆ ಪದ ಹೇಳಿ.

——

‘ಹೆಪ್ಪುನೆತ್ತರು’ ಎಂದು ಬರೆಯಿರಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಹಾಲಿಗೆ ಹೆಪ್ಪು ಹಾಕುವ ಮನೆಗಳಿಗೆಲ್ಲ ಅರ್ಥವಾಗುತ್ತದೆ. ತುಳುವಿನಲ್ಲೂ ನೆತ್ತೆರ್ ಎಂದೇ ಇದೆ. ‘ರಕ್ತ’ ಸಂಸ್ಕೃತದ್ದು, ‘ಹಿಮಟೋಮಾ’ ಗ್ರೀಕಿನದು. ಎರಡೂ ಬೇಡ.

——

ನೆತ್ತರು ಒಪ್ಪಿದೆ. ಹೆಪ್ಪು ಒಪ್ಪುವುದಿಲ್ಲ.

ಮೆದುಳಿನ ಮೇಲೆ 3 ಪೊರೆಗಳಿವೆ. ಹೊರಗಿನ ದಪ್ಪ ಪೊರೆಯೇ ಡ್ಯೂರಾ. ವಯಸ್ಸಾದಂತೆ ಮೆದುಳು ಕುಗ್ಗುತ್ತದೆ. ಅಲ್ಲಿಂದ ಆ ಪೊರೆಗೆ ಹೋಗುವ ಸಣ್ಣ ನಾಳಗಳು ಬಿಗಿದುಕೊಳ್ಳುತ್ತವೆ, ಚಿಕ್ಕ ಪೆಟ್ಟಿಗೂ ಹರಿದುಹೋಗುತ್ತವೆ. ನೆತ್ತರು ಮೆಲ್ಲಗೆ ಒಸರುತ್ತದೆ. 3 ವಾರ ದಾಟಿದರೆ ಹೆಪ್ಪು ಕರಗಿ ಹೆಚ್ಚಾಗಿ ನೀರಾಗಿರುತ್ತದೆ. ಬುರುಡೆಗೆ ಸಣ್ಣ ತೂತು ಕೊರೆದು ಅದನ್ನು ಹೊರಗೆ ಬಿಡಲು ಆಗುವುದು ಅದರಿಂದಲೇ. ಹೊಸ ಪೆಟ್ಟಿನ ಗಟ್ಟಿ ಹೆಪ್ಪಾದರೆ ಸಾಮಾನ್ಯವಾಗಿ ಬುರುಡೆಯನ್ನು ದೊಡ್ಡದಾಗಿ ತೆರೆಯಬೇಕಾಗುತ್ತದೆ. ಒಂದೇ ‘ಹೆಪ್ಪು’ ಎರಡಕ್ಕೂ ಹೇಗೆ ಸರಿಹೋಗುತ್ತದೆ?

ಎರವಲು ಪದದ ಮಾತಿಗೆ ಬಂದರೆ, ಡ್ಯೂರಾದ ಪೂರ್ತಿ ಹೆಸರಾದ ಡ್ಯೂರಾ ಮೇಟರ್ ಕೂಡ ಎರವಲೇ. ಅರಬ್ಬೀ ವೈದ್ಯರು ಪೊರೆಯನ್ನು ‘ತಾಯಿ’ ಎಂದು ಕರೆದಿದ್ದರು. ಲ್ಯಾಟಿನ್ನಿನವರು ಅದನ್ನು ‘ಗಟ್ಟಿ ತಾಯಿ’ ಎಂದು ತರ್ಜುಮೆ ಮಾಡಿಕೊಂಡರು. ಅವರಿಗಿಲ್ಲದ ಮಡಿ ನಮಗೇಕೆ? ಮಂಗಳೂರಿನಲ್ಲಿ ಮಾಡಿಸಿದ ಸ್ಕ್ಯಾನಿನ ರಿಪೋರ್ಟಿನಲ್ಲಿ ಇರುವುದು ‘ಸಬ್‌ಡ್ಯೂರಲ್’. ಮನೆಯವರಿಗೆ ಆ ಪದವೂ ಕಿವಿಗೆ ಬಿದ್ದಿರಬೇಕು.

ನಮ್ಮ ದೊಡ್ಡಮ್ಮ ಬಿದ್ದು ತಿಂಗಳಾದ ಮೇಲೆ ಮಾತು ತೊದಲತೊಡಗಿತು. ಎಲ್ಲರೂ ಅರಳುಮರಳು ಅಂದೆವು. ಹೀಗೆ ಅನ್ನುವವರು ಓದಲಿ ಎಂದೇ ಈ ಬೋರ್ಡ್.

ಈಗ ಬರೆದದ್ದು ಹೀಗಿದೆ: ‘ಮಂಡೆಗೆ ಪೆಟ್ಟಾಗಿ ವಾರಗಳಾದ ಮೇಲೂ ಮೆದುಳಿನ ಪೊರೆಯಡಿ ನೆತ್ತರು ತುಂಬಬಹುದು. ಇದೇ ಸಬ್‌ಡ್ಯೂರಲ್. ಬಿಡದ ತಲೆನೋವು, ಮಂಪರು, ಮರೆವು, ತೂರಾಡುವ ನಡಿಗೆ, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಸಿಟಿ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಪೆಟ್ಟಾದ ದಿನವೇ ಬನ್ನಿ.’

ಒಂದೇ ಅನುಮಾನ ಉಳಿದಿದೆ. ಪೊರೆ ಅಂದರೆ ಕಣ್ಣಿನ ಪೊರೆ ಅಂದುಕೊಂಡಾರೇ? ‘ಹೊದಿಕೆ’ ವಾಸಿಯೇ? ರಾತ್ರಿ 9ರ ಒಳಗೆ ಹೇಳಿ.