ರಿಲಯಬಿಲಿಟಿಗೆ ಕನ್ನಡದಲ್ಲಿ ಏನನ್ನೋಣ? ಬಾಳಿಕೆ ಅಂತೂ ಸಾಲದು

ಗೆಳೆಯರೇ, ನಮಸ್ಕಾರ.

ಡಿಪ್ಲೊಮಾ ಓದುವ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಪರಿಚಯ ಪಾಠ ಬರೆಯುತ್ತಿದ್ದೇನೆ. ವಿಷಯ ರಿಲಯಬಿಲಿಟಿ ಎಂಜಿನಿಯರಿಂಗ್. ಒಂದು ಯಂತ್ರ ಎಲ್ಲಿ, ಯಾವಾಗ, ಹೇಗೆ ಕೈಕೊಡಬಹುದು ಎಂದು ಮೊದಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಡಿಸೈನ್ ಮಾಡುವ ವಿದ್ಯೆ. ಪಾಠ ಹೆಚ್ಚುಕಡಿಮೆ ಮುಗಿದಿದೆ, ಆದರೆ ತಲೆಬರಹದ ಪದವೇ ಕೂರುತ್ತಿಲ್ಲ.

ನಿಘಂಟಿನಲ್ಲಿ ಸಿಗುವುದು ವಿಶ್ವಾಸಾರ್ಹತೆ. ಪದ ಚೆನ್ನಾಗಿಯೇ ಇದೆ. ಆದರೆ ನಮಗೆ ಅದು ಪತ್ರಿಕೆಯ ಪದ. ‘ವಿಶ್ವಾಸಾರ್ಹ ಮೂಲಗಳ ಪ್ರಕಾರ’ ಅಂತ ಓದುತ್ತೇವೆ, ಸಾಕ್ಷಿಯ ವಿಶ್ವಾಸಾರ್ಹತೆ ಅನ್ನುತ್ತೇವೆ. ಕ್ರೆಡಿಬಿಲಿಟಿಗೂ ಅದನ್ನೇ ಹಾಕುತ್ತೇವೆ. ಹಾಗಾಗಿ ಅದು ಮನುಷ್ಯರಿಗೆ, ಮಾತಿಗೆ ಅಂಟಿಕೊಂಡುಬಿಟ್ಟಿದೆ. ‘ಈ ಬೇರಿಂಗ್‌ನ ವಿಶ್ವಾಸಾರ್ಹತೆ 0.98’ ಎಂದು ಬರೆದು ಓದಿ ನೋಡಿ. ಬೇರಿಂಗ್ ಕೋರ್ಟಿಗೆ ಸಾಕ್ಷಿ ಹೇಳಲು ಬಂದ ಹಾಗಿರುತ್ತದೆ.

ಈ ಶಾಸ್ತ್ರದಲ್ಲಿ ರಿಲಯಬಿಲಿಟಿ ಅನ್ನುವುದು ಹೊಗಳಿಕೆ ಅಲ್ಲ, ಒಂದು ಅಂಕೆ. ಸೊನ್ನೆಯಿಂದ ಒಂದರ ಒಳಗೆ ಇರುತ್ತದೆ. ನಾನು ಪಾಠದಲ್ಲಿ ಬರೆದಿರುವುದು ಹೀಗೆ: ‘ಹೇಳಿದ ಕೆಲಸವನ್ನು, ಹೇಳಿದ ಪರಿಸ್ಥಿತಿಯಲ್ಲಿ, ಹೇಳಿದಷ್ಟು ಕಾಲ, ಕೆಡದೆ ಮಾಡುವ ಸಂಭವ’. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೇನೆಗೆ ಹಳೆಯ ರೇಡಿಯೊದಲ್ಲಿರುವಂಥ ಗಾಜಿನ ವಾಲ್ವ್ ಹಾಕಿದ ಎಲೆಕ್ಟ್ರಾನಿಕ್ಸ್ ಸಾಮಾನು ಪದೇ ಪದೇ ಕೆಡುವುದೇ ದೊಡ್ಡ ತಲೆನೋವಾಗಿತ್ತು. 1952ರಲ್ಲಿ ಅಲ್ಲಿ ಇದಕ್ಕಾಗಿ ಒಂದು ಸಲಹಾ ಸಮಿತಿ ಮಾಡಿದರು. ಅದರ ವರದಿ ಬಂದದ್ದು 1957ರಲ್ಲಿ. ಈ ಅರ್ಥ ನೆಲೆಯೂರಿದ್ದು ಹೆಚ್ಚಾಗಿ ಅಲ್ಲಿಂದಲೇ. ಕೆಲಸ, ಪರಿಸ್ಥಿತಿ, ಕಾಲ ಈ ಮೂರರಲ್ಲಿ ಒಂದನ್ನು ಬಿಟ್ಟರೂ ಅಂಕೆಗೆ ಅರ್ಥವಿಲ್ಲ. ‘ನಮ್ಮ ಮೋಟಾರು 99 ಪರ್ಸೆಂಟ್ ರಿಲಯಬಲ್’ ಎಂದು ಯಾರಾದರೂ ಹೇಳಿದರೆ, ಎಷ್ಟು ದಿನಕ್ಕೆ, ಯಾವ ಬಿಸಿಲಿಗೆ, ಯಾವ ವೋಲ್ಟೇಜಿಗೆ ಎಂದು ಕೇಳಬೇಕು.

ಹಾಗಾದರೆ ಬಾಳಿಕೆ? ನನಗೆ ಮೊದಲು ಹೊಳೆದದ್ದೂ ಇದೇ. ‘ಬಾಳಿಕೆ ಬರುತ್ತೆ’ ಅನ್ನದ ಅಂಗಡಿಯವರಿಲ್ಲ. ಆದರೆ ಬಾಳಿಕೆ ಎಂದರೆ ಎಷ್ಟು ವರ್ಷ ಬದುಕುತ್ತದೆ ಅನ್ನುವುದು. ನಡುವೆ ಎಷ್ಟು ಸಲ ನಿಂತಿತು ಅನ್ನುವುದು ಅದರಲ್ಲಿ ಬರುವುದಿಲ್ಲ. ತೋಟದ ಪಂಪ್‌ಸೆಟ್ ಹದಿನೈದು ವರ್ಷ ಬಂದಿರಬಹುದು. ತಿಂಗಳಿಗೊಮ್ಮೆ ರಿಪೇರಿಗೆ ಬಿಚ್ಚಿದ್ದರೆ ಅದಕ್ಕೆ ಬಾಳಿಕೆ ಇದೆ, ರಿಲಯಬಿಲಿಟಿ ಇಲ್ಲ.

ಇವೆರಡೂ ಒಂದೇ ಕಡೆ ಬೇರೆ ಬೇರೆಯಾಗಿ ಕಾಣುವುದು ಮಂಗಳಯಾನದಲ್ಲಿ. ಬೆಂಗಳೂರಿನಲ್ಲೇ ಕಟ್ಟಿದ ನೌಕೆ. ಅದರ 440 ನ್ಯೂಟನ್ ಎಂಜಿನ್ 2013ರ ಡಿಸೆಂಬರ್ 1ರಂದು ನೌಕೆಯನ್ನು ಭೂಮಿಯ ಕಕ್ಷೆಯಿಂದ ಆಚೆ ತಳ್ಳಿತು. ಆಮೇಲೆ ಸುಮಾರು 300 ದಿನ ಸುಮ್ನೆ ಇತ್ತು. 2014ರ ಸೆಪ್ಟೆಂಬರ್ 24ರಂದು ಮತ್ತೆ ಹೊತ್ತಿಕೊಂಡು ಸುಮಾರು 24 ನಿಮಿಷ ಉರಿಯಬೇಕಿತ್ತು. ಹೊತ್ತಿಕೊಳ್ಳದಿದ್ದರೆ ನೌಕೆ ಮಂಗಳನನ್ನು ದಾಟಿ ಹೋಗುತ್ತಿತ್ತು. ಇಲ್ಲಿ ಬಾಳಿಕೆಯ ಮಾತೇ ಇಲ್ಲ. ಬೇಕಾದದ್ದು 24 ನಿಮಿಷ ಮಾತ್ರ. ಆದರೆ ತಿಂಗಳುಗಟ್ಟಲೆ ಚಳಿಯಲ್ಲಿ, ನಿರ್ವಾತದಲ್ಲಿ ಕೂತಿದ್ದು ಎದ್ದ 24 ನಿಮಿಷ. ಮೊದಲ ಸಲ ಬಳಸಿದ ಇಂಧನದ ದಾರಿಯ ವಾಲ್ವುಗಳು ಅಷ್ಟು ದಿನದಲ್ಲಿ ಸೋರಬಹುದು, ಅಂಟಿಕೊಳ್ಳಬಹುದು ಎಂದು ಎಣಿಸಿ, ಎರಡನೇ ಸಲಕ್ಕೆಂದೇ ಬೇರೆ ಕೊಳವೆ, ಬೇರೆ ವಾಲ್ವು ಇಟ್ಟಿದ್ದರು. ಎರಡು ದಿನ ಮೊದಲು ನಾಲ್ಕು ಸೆಕೆಂಡಿನಷ್ಟು ಹೊತ್ತಿಸಿ ನೋಡಿದರು. ಎಂಜಿನ್ ಏಳದೇ ಇದ್ದರೆ ಎಂದು ಎಂಟು ಸಣ್ಣ ಥ್ರಸ್ಟರ್‌ಗಳ ಬದಲಿ ಯೋಜನೆಯೂ ತಯಾರಿತ್ತು. ಇದು ರಿಲಯಬಿಲಿಟಿ. ಆರು ತಿಂಗಳಿಗೆಂದು ಕಳಿಸಿದ ಅದೇ ನೌಕೆ 2022ರವರೆಗೆ ಮಂಗಳನ ಸುತ್ತ ತಿರುಗುತ್ತಾ ಸಂಪರ್ಕದಲ್ಲಿತ್ತಲ್ಲ, ಅದು ಬಾಳಿಕೆ.

ಗುಣಮಟ್ಟ ಅನ್ನುವುದೂ ಬೇರೆ. ಕಾರ್ಖಾನೆಯ ಬಾಗಿಲು ದಾಟುವ ದಿನ ವಸ್ತು ಅಳತೆಗೆ ಸರಿಯಾಗಿದೆಯೇ ಎಂದು ನೋಡುವುದು ಗುಣಮಟ್ಟ. ಆ ಪದದಲ್ಲಿ ತಕರಾರಿಲ್ಲ.

ಇನ್ನು ಪ್ರಾಡಕ್ಟ್ ಡಿಸೈನ್‌ನಲ್ಲಿ ಇದಕ್ಕೇನು ಕೆಲಸ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಒಂದು ಗುಣಾಕಾರ. ಒಂದು ಯಂತ್ರದಲ್ಲಿ ನೂರು ಬಿಡಿಭಾಗ, ಯಾವುದು ಕೆಟ್ಟರೂ ಯಂತ್ರ ನಿಲ್ಲುತ್ತದೆ ಎಂದುಕೊಳ್ಳಿ. ಒಂದೊಂದರದ್ದೂ 0.99. ಕೇಳಲು ಚೆನ್ನಾಗಿದೆ ಅಲ್ವಾ? ನೂರನ್ನೂ ಗುಣಿಸಿದರೆ ಸಿಗುವುದು 0.37ರ ಹತ್ತಿರ. ಮೂರರಲ್ಲಿ ಎರಡು ಸಲ ಯಂತ್ರ ಕೈಕೊಡುತ್ತದೆ. 0.999 ಮಾಡಿದರೆ 0.90ಕ್ಕೆ ಏರುತ್ತದೆ. ಇದನ್ನು ಜರ್ಮನ್ ಎಂಜಿನಿಯರ್ ರಾಬರ್ಟ್ ಲುಸರ್ ಹೆಸರಿನಿಂದ ಲುಸರ್ ನಿಯಮ ಎನ್ನುತ್ತಾರೆ. ಎಷ್ಟು ಭಾಗ ಇರಬೇಕು, ಯಾವುದನ್ನು ತೆಗೆದುಹಾಕಬಹುದು, ಯಾವುದಕ್ಕೆ ಜೋಡಿ ಇಡಬೇಕು ಎನ್ನುವುದೆಲ್ಲ ತೀರ್ಮಾನವಾಗುವುದು ಡ್ರಾಯಿಂಗ್ ಹಂತದಲ್ಲಿ. ಆಮೇಲೆ ಎಷ್ಟೇ ಇನ್‌ಸ್ಪೆಕ್ಷನ್ ಮಾಡಿದರೂ ಕೆಟ್ಟ ಪೀಸು ಆರಿಸಿ ತೆಗೆಯಬಹುದು, ಅಷ್ಟೇ.

ಇಲ್ಲೇ ಎರಡನೇ ಪದದ ಗೋಳು ಶುರುವಾಗುತ್ತದೆ: ಫೇಲ್ಯೂರ್. ಚಂದ್ರಯಾನ-2ರ ಲ್ಯಾಂಡರ್ 2019ರಲ್ಲಿ ಅಪ್ಪಳಿಸಿತು. ಚಂದ್ರಯಾನ-3ರ ಹೊತ್ತಿಗೆ ಇಸ್ರೋದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಒಂದು ಮಾತು ಹೇಳಿದರು. ಹಿಂದಿನದು ಎಲ್ಲ ಸರಿಹೋಗುತ್ತದೆ ಎಂದುಕೊಂಡು ಮಾಡಿದ ಡಿಸೈನ್, ಈ ಸಲದ್ದು ಏನೇನು ಕೈಕೊಡಬಹುದು ಎಂದು ಹುಡುಕಿ ಮಾಡಿದ್ದು ಎಂಬುದು ಅವರ ಮಾತಿನ ಸಾರ. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಕಾಲುಗಳನ್ನು ಗಟ್ಟಿ ಮಾಡಿದರು. ಇಂಧನ ಜಾಸ್ತಿ ತುಂಬಿಸಿದರು. ವೇಗ ಅಳೆಯಲು ಹೊಸ ಲೇಸರ್ ಸೆನ್ಸರ್ ಸೇರಿಸಿದರು. ಐದಿದ್ದ ಎಂಜಿನ್ ನಾಲ್ಕಾಯಿತು. 2023ರ ಆಗಸ್ಟ್ 23ರಂದು ಲ್ಯಾಂಡರ್ ಇಳಿಯಿತು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆದರೆ ಅವರು ಬಳಸಿದ ‘ಫೇಲ್ಯೂರ್ ಬೇಸ್ಡ್ ಡಿಸೈನ್’ ಎಂಬ ಮಾತನ್ನು ಪದಕ್ಕೆ ಪದ ಇಟ್ಟರೆ ‘ವೈಫಲ್ಯ ಆಧಾರಿತ ವಿನ್ಯಾಸ’ ಆಗುತ್ತದೆ. ಓದಿದವರು ವೈಫಲ್ಯದ ಮೇಲೆಯೇ ಕಟ್ಟಿದ್ದಾರೆ ಅಂದುಕೊಂಡಾರು! ನಾನು ಸದ್ಯಕ್ಕೆ ‘ಕೆಡುವುದನ್ನು ಮೊದಲೇ ಎಣಿಸಿ ಮಾಡಿದ ಡಿಸೈನ್’ ಎಂದು ಬರೆದಿದ್ದೇನೆ. ಉದ್ದವಾಯಿತು, ಗೊತ್ತು.

ವೈಫಲ್ಯ ಪದವನ್ನು ಪೂರ್ತಿ ಬಿಡಲಾಗದು. ಬಹು ಅಂಗಾಂಗ ವೈಫಲ್ಯ ಅನ್ನುವುದು ಎಲ್ಲರಿಗೂ ಗೊತ್ತು, ದೇಹದ ಭಾಗಕ್ಕೆ ಹೊಂದುತ್ತದೆ. ಆದರೆ ಯಂತ್ರಕ್ಕೆ ನಮ್ಮ ಜನ ಹೇಳುವುದು ಕೆಡು, ಕೆಟ್ಟು ನಿಲ್ಲು, ಕೈಕೊಡು. ಕ್ರಿಯಾಪದ ಒಳ್ಳೆಯದು, ನಾಮಪದ ಮಾಡಹೋದರೆ ಕಷ್ಟ. ‘ಕೆಡುಕು’ ಅಂದರೆ ಅರ್ಥವೇ ಬೇರೆ. ‘ಕೇಡು’ ಅಂದರೆ ಶಾಪ ಹಾಕಿದ ಹಾಗೆ. ‘ಕೆಟ್ಟ ಬಗೆ’ ಅಂದರೆ ಕೆಟ್ಟ ರೀತಿ ಎಂದಾಗುತ್ತದೆ. ‘ಕೆಡುವ ಬಗೆ’ ಮಾತ್ರ ಸರಿಹೋಗಿದೆ.

ಅದು ಬೇಕಾದದ್ದು ಎಫ್ಎಂಇಎ (ಫೇಲ್ಯೂರ್ ಮೋಡ್ ಅಂಡ್ ಎಫೆಕ್ಟ್ಸ್ ಅನಾಲಿಸಿಸ್) ಎಂಬ ಪಟ್ಟಿಗೆ. 1949ರಲ್ಲಿ ಅಮೆರಿಕದ ಸೇನೆಯ ಕ್ರಮವಾಗಿ ಹುಟ್ಟಿದ್ದು, ಇವತ್ತು ಕಾರು ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪುಗಳಲ್ಲೂ ಬಳಕೆಯಲ್ಲಿದೆ. ಪ್ರತಿ ಭಾಗವೂ ಹೇಗೆ ಕೆಡಬಹುದು ಎಂದು ಬರೆದು ಮೂರು ಅಂಕ ಕೊಡುತ್ತಾರೆ, ಒಂದರಿಂದ ಹತ್ತರವರೆಗೆ. ಕೆಟ್ಟರೆ ಆಗುವ ಹಾನಿ ಎಷ್ಟು, ಎಷ್ಟು ಸಲ ಕೆಡಬಹುದು, ಗಿರಾಕಿ ಕೈಗೆ ಹೋಗುವ ಮೊದಲೇ ನಮಗೆ ಗೊತ್ತಾಗುತ್ತದೆಯೇ. ಮೂರನ್ನೂ ಗುಣಿಸಿ, ದೊಡ್ಡ ಅಂಕೆ ಬಂದದ್ದನ್ನು ಮೊದಲು ಸರಿಮಾಡುವುದು ಹಳೆಯ ಪದ್ಧತಿ. ಮೂರನೇ ಕಾಲಮ್ಮಿಗೆ ‘ಪತ್ತೆ’ ಎಂದು ಹೆಸರಿಟ್ಟರೆ ಮಕ್ಕಳು ಎಡವುತ್ತಾರೆ. ಪತ್ತೆ ಜಾಸ್ತಿ ಎಂದರೆ ಒಳ್ಳೆಯದು ಅಂದುಕೊಂಡು ಹತ್ತು ಕೊಡುತ್ತಾರೆ. ಇಲ್ಲಿ ಹತ್ತು ಎಂದರೆ ಪತ್ತೆಯೇ ಆಗದು ಎಂದರ್ಥ. ಹಾಗಾಗಿ ‘ಕಣ್ತಪ್ಪುವ ಸಂಭವ’ ಎಂದು ಹಾಕಿದ್ದೇನೆ. ಸರಿಯೇ?

ಎಂಟಿಬಿಎಫ್ (ಮೀನ್ ಟೈಮ್ ಬಿಟ್ವೀನ್ ಫೇಲ್ಯೂರ್ಸ್) ಬಗ್ಗೆಯೂ ಕೇಳಬೇಕು. ‘ಎರಡು ವೈಫಲ್ಯಗಳ ನಡುವಿನ ಸರಾಸರಿ ಕಾಲ’ ಎನ್ನುವುದು ಪದಶಃ ಸರಿ. ಆದರೆ ಹಾರ್ಡ್‌ಡಿಸ್ಕ್ ಮೇಲೆ 10 ಲಕ್ಷ ಗಂಟೆ ಎಂದು ನೋಡಿದರೆ ನೂರಕ್ಕೂ ಜಾಸ್ತಿ ವರ್ಷ ಬರುತ್ತದೆ ಎಂದು ಓದುಗ ತಿಳಿಯುತ್ತಾನೆ. ಅದು ಹೇಳುವುದೇ ಬೇರೆ. ಇಂಥ 1000 ಡಿಸ್ಕ್ ವರ್ಷವಿಡೀ ಓಡಿಸಿದರೆ ಒಂಬತ್ತರಷ್ಟು ಕೆಡಬಹುದು, ಅಷ್ಟೇ. ಸವೆಯುವ ವಯಸ್ಸು ಬಂದ ಮೇಲೆ ಆ ಲೆಕ್ಕ ನಿಲ್ಲುವುದಿಲ್ಲ. ಇದಕ್ಕೆ ಹೊಸ ಪದ ಬೇಡ, ಎಂಟಿಬಿಎಫ್ ಎಂದೇ ಬಿಟ್ಟು ವಿವರಿಸೋಣ ಎನ್ನುವುದು ನನ್ನ ನಿಲುವು.

ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಹೆಚ್ಚಿನ ಭಾಗ ಇಡುವುದು ರಿಡಂಡೆನ್ಸಿ. ಅದಕ್ಕೆ ಕೆಲವರು ‘ಅನಗತ್ಯತೆ’ ಎಂದು ಹಾಕುತ್ತಾರೆ. ದಯವಿಟ್ಟು ಬೇಡ. ಮಂಗಳಯಾನದ ಎರಡನೇ ಕೊಳವೆ ಅನಗತ್ಯವೇ? ಸ್ಟೆಪ್ನಿ ಎಂದರೆ ಡ್ರೈವರಿಗೂ ಅರ್ಥವಾಗುತ್ತದೆ, ಆದರೆ ಅದು ನಿಂತು ಬದಲಾಯಿಸುವಂಥದ್ದು. ಎರಡೂ ಒಟ್ಟಿಗೆ ಓಡುತ್ತಿದ್ದು ಒಂದು ಕೆಟ್ಟರೂ ಕೆಲಸ ನಿಲ್ಲದ ಏರ್ಪಾಡಿಗೆ ‘ಜೋಡಿ’, ಪಕ್ಕದಲ್ಲಿ ಕಾಯುತ್ತಿರುವುದಕ್ಕೆ ‘ಮೀಸಲು’ ಎಂದು ಬರೆದಿದ್ದೇನೆ.

ಮತ್ತೆ ತಲೆಬರಹಕ್ಕೆ. ಖಾತರಿ ಎಂದರೆ ಮಾರುವವನ ಮಾತು. ಗ್ಯಾರಂಟಿ ಎಂದರೆ ಈಗ ಕರ್ನಾಟಕದಲ್ಲಿ ಸರಕಾರದ ಯೋಜನೆ ನೆನಪಾಗುತ್ತದೆ. ನನ್ನ ಒಲವು ‘ನೆಚ್ಚಿಕೆ’ಯ ಕಡೆ. ‘ಮಳೆಯನ್ನೇ ನೆಚ್ಚಿಕೊಂಡ ಬೇಸಾಯ’ ಎನ್ನುತ್ತೇವಲ್ಲ, ಅಲ್ಲಿ ನಂಬಿ ಕೂತಿದ್ದೇವೆ ಎನ್ನುವ ಅರ್ಥವಿದೆ, ಅದು ವಸ್ತುವಿಗೂ ಹೊಂದುತ್ತದೆ. ‘ಈ ಬೇರಿಂಗಿನ ನೆಚ್ಚಿಕೆ ಸಾವಿರ ಗಂಟೆಗೆ 0.98’ ಎಂದರೆ ಕಿವಿಗೆ ಅಷ್ಟೇನೂ ಕೆಟ್ಟದಾಗಿಲ್ಲ. ತೊಡಕು ಒಂದೇ. ‘ನೆಚ್ಚಿನ ನಟ’ ಎಂದು ಕೇಳಿ ಕೇಳಿ, ನೆಚ್ಚಿಕೆ ಎಂದರೆ ಇಷ್ಟ ಎಂದು ಹುಡುಗರು ಓದಿಕೊಳ್ಳಬಹುದು.

ನಿಮ್ಮ ಕಡೆ ಏನನ್ನುತ್ತಾರೆ ಬರೆಯಿರಿ. ಅದರಲ್ಲೂ ಉತ್ತರ ಕರ್ನಾಟಕ, ಕರಾವಳಿಯವರು. ಎಂದೂ ಕೈಕೊಡದ ಟ್ರ್ಯಾಕ್ಟರನ್ನೋ ದೋಣಿಯ ಎಂಜಿನ್ನನ್ನೋ ಮೆಕ್ಯಾನಿಕ್ಕುಗಳು ಒಂದೇ ಪದದಲ್ಲಿ ಹೊಗಳುವುದುಂಟೇ?