ಮನೆಯಲ್ಲೇ ಏರ್ ರೈಫಲ್ ಬಿಚ್ಚಿ ಜೋಡಿಸಲು ಯಾವ ಟಾರ್ಕ್ ವ್ರೆಂಚ್, ಯಾವ ಅಲೆನ್ ಕೀ?

ತುಮಕೂರು_10ಮೀ

ಎಲ್ಲರಿಗೂ ನಮಸ್ಕಾರ. 10 ಮೀಟರ್ ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ಗುರಿ ನೋಡುವ) ವಿಭಾಗದ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಒತ್ತಡದ ಗಾಳಿ ತುಂಬಿಡುವ) ಏರ್ ರೈಫಲ್, 4.5 ಎಂ.ಎಂ., ಅಲ್ಯೂಮಿನಿಯಂ ಸ್ಟಾಕ್ (ಭುಜಕ್ಕೊತ್ತಿ ಹಿಡಿಯುವ ಚೌಕಟ್ಟು). ಸ್ಪರ್ಧೆಗೆ ಹೋಗುವಾಗ ಸ್ಟಾಕ್ ಬಿಚ್ಚಿ ಪೆಟ್ಟಿಗೆಗೆ ಹಾಕಬೇಕು, ಬಂದಮೇಲೆ ಮತ್ತೆ ಜೋಡಿಸಬೇಕು. ಬಟ್ ಪ್ಲೇಟ್ (ಭುಜಕ್ಕೆ ತಾಗುವ ತಟ್ಟೆ), ಚೀಕ್ ಪೀಸ್ (ಕೆನ್ನೆ ಇಡುವ ಭಾಗ), ಹಿಂದಿನ ಸೈಟ್ ಕೂಡ ಆಗಾಗ ಬಿಚ್ಚಬೇಕಾಗುತ್ತದೆ. ಸ್ಟಾಕ್‌ನ ಎರಡು ಮುಖ್ಯ ಸ್ಕ್ರೂಗಳಿಗೆ 5 ನ್ಯೂಟನ್ ಮೀಟರ್ (ನ್ಯೂ.ಮೀ.) ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡಿ ಎಂದು ಕೈಪಿಡಿ ಹೇಳುತ್ತದೆ. ಉಳಿದವಕ್ಕೆ ಏನೂ ಹೇಳಿಲ್ಲ.

ಮನೆಯಲ್ಲಿರುವುದು ಕಾರಿನ ಚಕ್ರದ ನಟ್ಟಿಗೆ ಬಳಸುವ 1/2 ಇಂಚಿನ ಟಾರ್ಕ್ ವ್ರೆಂಚ್ (ಹೊಂದಿಸಿಟ್ಟ ಬಿಗಿತಕ್ಕೆ ಕ್ಲಿಕ್ ಎನ್ನುವ ಪಾನಾ, 28ರಿಂದ 210 ನ್ಯೂ.ಮೀ.) ಮತ್ತು ಮಡಚುವ ಅಲೆನ್ ಕೀ (ಆರು ಮೂಲೆಯ ಕೀಲಿ) ಸೆಟ್ಟು. ಒಂದು ಸ್ಕ್ರೂ ತಲೆಯ ಒಳಮೂಲೆಗಳು ಆಗಲೇ ಸವೆಯುತ್ತಿವೆ. ಹೊಸದಾಗಿ ಏನು ಕೊಳ್ಳಬೇಕು? ಕೈ ಅಂದಾಜಿನಲ್ಲೇ ಬಿಗಿದರೆ ನಿಜಕ್ಕೂ ಸ್ಕೋರ್ ಕೆಡುತ್ತದೆಯೇ?

ಶ್ರುತಿ_ಟೂಲ್‌ರೂಂ

ಮೊದಲು ಆ ದೊಡ್ಡ ವ್ರೆಂಚನ್ನು ಕಾರಿಗೇ ಬಿಡಿ. ಅದರ ಸ್ಕೇಲ್ ಶುರುವಾಗುವುದೇ 28ರಿಂದ. ನಿಮ್ಮ ಸ್ಕ್ರೂ ಕೇಳುವುದು 5. ಸ್ಕೇಲಿಗಿಂತ ಕೆಳಗೆ ಇಳಿಸಿ ಸೆಟ್ ಮಾಡಲು ಹೋದರೆ ಒಳಗಿನ ಸ್ಪ್ರಿಂಗ್ ಸಡಿಲವಾಗಿರುತ್ತದೆ, ಕ್ಲಿಕ್ ಬರುವುದೇ ಇಲ್ಲ. ಕ್ಲಿಕ್‌ಗೆ ಕಾಯುತ್ತ ತಿರುಗಿಸುತ್ತಾ ಹೋದರೆ ಸ್ಕ್ರೂ ಮುರಿಯುತ್ತದೆ, ಇಲ್ಲವೇ ಅಲ್ಯೂಮಿನಿಯಂನಲ್ಲಿ ಸ್ಕ್ರೂ ಹಿಡಿಯುವ ಎಳೆ (ಥ್ರೆಡ್) ಕಿತ್ತು ಬರುತ್ತದೆ.

ನಿಮಗೆ ಬೇಕಿರುವುದು 1/4 ಇಂಚು ಡ್ರೈವ್‌ನ (ಬಿಟ್ ಕೂರುವ ಚೌಕ ತುದಿಯ ಅಳತೆ) ಚಿಕ್ಕ ವ್ರೆಂಚ್, 2ರಿಂದ 14 ಅಥವಾ 2ರಿಂದ 24 ನ್ಯೂ.ಮೀ. ವ್ಯಾಪ್ತಿಯದ್ದು. ಒಳ್ಳೆಯ ಸೈಕಲ್ ಅಂಗಡಿಗಳಲ್ಲಿ ಇದು ಸಿಗುತ್ತದೆ, ಏಕೆಂದರೆ ಕಾರ್ಬನ್ ಸೈಕಲ್‌ನ ಸ್ಟೆಮ್ (ಹ್ಯಾಂಡಲ್ ಹಿಡಿಯುವ ಭಾಗ) ಬೋಲ್ಟಿಗೂ ಹೆಚ್ಚುಕಡಿಮೆ ಇದೇ 5 ನ್ಯೂ.ಮೀ. ಬೇಕು. ಬೆಂಗಳೂರಿಗೆ ಬರುವುದಿದ್ದರೆ ಎಸ್‌ಜೆಪಿ ರಸ್ತೆಯ ಟೂಲ್ಸ್ ಅಂಗಡಿಗಳಲ್ಲೂ ವಿಚಾರಿಸಿ. ಇನ್ನೊಂದು ದಾರಿ ಟಾರ್ಕ್ ಸ್ಕ್ರೂಡ್ರೈವರ್, 1ರಿಂದ 6 ನ್ಯೂ.ಮೀ. ವರೆಗಿನದು. ಸೈಟ್ ಕ್ಲ್ಯಾಂಪ್‌ನಂಥ ಸಣ್ಣ ಸ್ಕ್ರೂಗೆ ಅದು ಹೆಚ್ಚು ಒಗ್ಗುತ್ತದೆ. ಆದರೆ ಬೆವರಿದ ಕೈಯಲ್ಲಿ 5 ನ್ಯೂ.ಮೀ. ತಿರುಗಿಸುವಾಗ ಹಿಡಿ ಜಾರುತ್ತದೆ, ಮಣಿಕಟ್ಟಿಗೂ ಭಾರ. ಕೆಲಸವೆಲ್ಲ ಆ ಎರಡು ಸ್ಟಾಕ್ ಸ್ಕ್ರೂಗಳದ್ದೇ ಆದರೆ, 5 ನ್ಯೂ.ಮೀ.ಗೇ ಹೊಂದಿಸಿಟ್ಟ ಟಿ-ಹಿಡಿಯ ಟೂಲ್ ಸಾಕು. ಅದೂ ಸೈಕಲ್‌ನವರದ್ದೇ. ಸೆಟ್ಟಿಂಗ್ ತಪ್ಪುವ ಭಯವೇ ಇಲ್ಲ.

ನಿಖರತೆಯ ಮಾತು. ಟಾರ್ಕ್ ಟೂಲ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6789 ಪ್ರಕಾರ 10 ನ್ಯೂ.ಮೀ. ವರೆಗಿನ ಕ್ಲಿಕ್ ವ್ರೆಂಚಿಗೆ ಶೇ. 6, ಅದಕ್ಕಿಂತ ದೊಡ್ಡದಕ್ಕೆ ಶೇ. 4 ಹೆಚ್ಚುಕಡಿಮೆಗೆ ಅವಕಾಶವಿದೆ. ಶೇ. 6 ಎಂದೇ ಹಿಡಿದರೂ ನಿಮ್ಮ 5 ಎಂಬುದು 4.7ರಿಂದ 5.3ರ ನಡುವೆ ಎಲ್ಲಿಯಾದರೂ ಇರಬಹುದು. ಅದು ಸಾಕು. ಇಲ್ಲಿ ಬೇಕಿರುವುದು ಪ್ರತಿ ಸಲವೂ ಅದೇ ಬಿಗಿ ಬರುವುದು.

ಬಳಸುವಾಗ ಹಿಡಿಯ ಮಧ್ಯದಲ್ಲೇ ಹಿಡಿದು ನಿಧಾನವಾಗಿ ಎಳೆಯಿರಿ. ಮೊದಲ ಕ್ಲಿಕ್‌ಗೇ ನಿಲ್ಲಿಸಿ. ‘ಖಾತ್ರಿಗೆ ಇನ್ನೊಂದು’ ಎಂದು ಎರಡನೇ ಸಲ ಕ್ಲಿಕ್ ಮಾಡಿದರೆ ಸ್ಕ್ರೂ ಇನ್ನಷ್ಟು ತಿರುಗಿರುತ್ತದೆ. ಬಿಚ್ಚುವುದಕ್ಕೆ ಟಾರ್ಕ್ ವ್ರೆಂಚ್ ಬಳಸಬೇಡಿ, ಅದಕ್ಕೆ ಸಾಧಾರಣ ಅಲೆನ್ ಕೀ ಇರಲಿ. ಕೆಲಸ ಮುಗಿದ ಮೇಲೆ ಸ್ಕೇಲಿನ ಕನಿಷ್ಠ ಗುರುತಿಗೆ ಇಳಿಸಿ ಎತ್ತಿಡಿ, ಅದಕ್ಕಿಂತ ಕೆಳಗೆ ಬೇಡ.

ಸ್ಟಾಕ್‌ನ ಸ್ಕ್ರೂ ಆಳದ ತೂತಿನಲ್ಲಿದ್ದರೆ 1/4 ಇಂಚು ಡ್ರೈವ್‌ಗೆ ಕೂರುವ ಉದ್ದನೆಯ ಬಿಟ್ ಬೇಕು. ಬಿಟ್ ಉದ್ದವಾದರೆ ಟಾರ್ಕ್ ಬದಲಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಸ್ಕ್ರೂವಿನ ನೇರಕ್ಕೇ ಉದ್ದವಾದರೆ ಬದಲಾಗುವುದಿಲ್ಲ. ವ್ರೆಂಚಿನ ತೋಳನ್ನು ಪಕ್ಕಕ್ಕೆ ಉದ್ದ ಮಾಡುವ ಅಡಾಪ್ಟರ್ ಹಾಕಿದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಇನ್ನು ಅಳತೆಯ ಘಟಕ. ವಿದೇಶಿ ಕೈಪಿಡಿಗಳಲ್ಲಿ ಇಂಚು-ಪೌಂಡ್ ಇರುತ್ತದೆ. 1 ನ್ಯೂ.ಮೀ. ಎಂದರೆ 8.85 ಇಂಚು-ಪೌಂಡ್. ಸ್ಕೋಪ್ ರಿಂಗ್‌ಗೆ ‘18’ ಎಂದು ಬರೆದದ್ದು ಇಂಚು-ಪೌಂಡ್, ಅಂದರೆ 2 ನ್ಯೂ.ಮೀ. ಅದನ್ನೇ 18 ನ್ಯೂ.ಮೀ. ಎಂದುಕೊಂಡು ಬಿಗಿದರೆ ಒಂಬತ್ತು ಪಟ್ಟು ಹೆಚ್ಚಾಯಿತು. ಅಷ್ಟರಲ್ಲಿ ಸ್ಕ್ರೂ ತಲೆಯೇ ಕೈಗೆ ಬಂದಿರುತ್ತದೆ.

ಹುಬ್ಬಳ್ಳಿ_ಫಿಟ್ಟರ್

ಟಾರ್ಕಿನ ಮಾತು ಮೇಲೆ ಬಂದದ, ನಾ ಕೀಲಿ ಬಗ್ಗೆ ಹೇಳ್ತೀನ್ರಿ. ಸ್ಕ್ರೂ ತಲಿ ಸವದದ್ದು ಟಾರ್ಕಿನಿಂದ ಅಲ್ಲ, ಅಳತಿ ಕೂಡದ ಕೀಲಿಯಿಂದ.

ದುಂಡ ಉದ್ದ ತಲಿ ಸ್ಕ್ರೂ ಇದ್ರ ಎಂ3ಕ್ಕ (ಅಂದ್ರ 3 ಎಂ.ಎಂ. ದಪ್ಪದ ಸ್ಕ್ರೂಗೆ) 2.5, ಎಂ4ಕ್ಕ 3, ಎಂ5ಕ್ಕ 4, ಎಂ6ಕ್ಕ 5 ಎಂ.ಎಂ. ಕೀಲಿ. ಗುಂಡಿ ಹಂಗ ಇರೋ ತಲಿ, ಮತ್ತ ಒಳಗ ಕೂಡೋ ಚಪ್ಪಟಿ ತಲಿ ಇದ್ರ ಒಂದೊಂದು ಸೈಜ್ ಸಣ್ಣದು ಬರ್ತದ: ಎಂ4ಕ್ಕ 2.5, ಎಂ5ಕ್ಕ 3, ಎಂ6ಕ್ಕ 4. ಚೀಕ್ ಪೀಸ್‌ನಾಗ ಇಂಥಾವು ಇರ್ತಾವ. ಒಳಗ ಆಳ ಕಮ್ಮಿ, ಅದಕ್ಕ ಇವೇ ಮೊದಲು ಕೆಡ್ತಾವ.

ಇಂಚಿನ ಕೀಲಿ ಹಾಕಬ್ಯಾಡ್ರಿ. 5/32 ಇಂಚು ಅಂದ್ರ 3.97 ಎಂ.ಎಂ., 4ಕ್ಕ ಹೆಂಗೋ ನಡೀತದ. ಆದ್ರ 3/32 ಅಂದ್ರ 2.38, ಅದನ್ನ 2.5ರ ತೂತಿಗೆ ಹಾಕಿ ಒತ್ತಿದ್ರ ಮೂಲಿ ಹೋತು. 3/16 ಅಂದ್ರ 4.76, 5ರಾಗ ಅಲ್ಲಾಡ್ತದ. ನಕ್ಷತ್ರದ ತೂತಿಗೆ ಆರು ಮೂಲಿ ಕೀಲಿನೂ ಬ್ಯಾಡ, ಟಾರ್ಕ್ಸ್ ಬಿಟ್ಟೇ ಬೇಕು.

ಮಡಚೋ ಸೆಟ್ಟು ಸೈಕಲ್ ಸವಾರಿಗೆ ಸರಿ. ರೈಫಲ್‌ಗೆ ನೇರ ಎಲ್ ಆಕಾರದ ಬಿಡಿ ಕೀಲಿ ತಗೋರಿ, ಮೂಲಿ ಚೂಪಾಗಿ ಇರೋದು ನೋಡಿ. ಒಂದು ತುದಿ ಚೆಂಡಿನ ಹಂಗ ಇರೋದು ಸ್ಕ್ರೂ ಜಲ್ದಿ ಓಡಸಾಕ ಅಷ್ಟ. ಕೊನೀ ಬಿಗಿತ ಅದರಾಗ ಕೊಡಬಾರದು. ಚೆಂಡು ಒಳಗ ಒಂದು ಗೆರಿ ಮ್ಯಾಲೆ ಮಾತ್ರ ತಾಗ್ತದ, ಎಲ್ಲಾ ಭಾರ ಅಲ್ಲೇ ಬೀಳ್ತದ, ಇಲ್ಲಾಂದ್ರ ಚೆಂಡಿನ ಕುತ್ತಿಗಿ ಮುರದು ಒಳಗ ಉಳೀತದ.

ಕೀಲಿ ತುದಿ ಸವದಿದ್ರ ಒಗೀಬ್ಯಾಡ್ರಿ. ಗ್ರೈಂಡರ್ ಕಲ್ಲಿನ ಮ್ಯಾಲೆ ತುದಿ 1-2 ಎಂ.ಎಂ. ಚಪ್ಪಟಿ ತಿಕ್ಕಿ ತಗೀರಿ, ನಡುನಡುವ ನೀರಾಗ ಅದ್ದರಿ. ನೀಲಿ ಬಣ್ಣ ಬಂತಂದ್ರ ಹದ ಹೋತು. ತಿಕ್ಕಿದ ಮ್ಯಾಲೆ ಹೊಸ ಮೂಲಿ ಸಿಗ್ತದ.

ಕೀಲಿ ಹಾಕೋ ಮುಂಚೆ ತೂತಿನ ತಳದಾಗ ಕಸ ನೋಡ್ರಿ. ಧೂಳು, ಬಣ್ಣ, ಒಣಗಿದ ಅಂಟು ಕೂತಿದ್ರ ಕೀಲಿ ಅರ್ಧಕ್ಕ ನಿಲ್ತದ. ಹಲ್ಲುಕಡ್ಡಿಲೆ ಕೆರದು ತಗೀರಿ.

ಈಗ ಸವದದ್ದಕ್ಕ ಒಂದು ಉಪಾಯ. ಕೀಲಿ ತುದಿಗೆ ವಾಲ್ವ್ ತಿಕ್ಕೋ ಪೇಸ್ಟ್ ಚೂರು ಹಚ್ಚಿ ಒತ್ತಿ ಹಿಡದು ತಿರುಗಿಸ್ರಿ, ಅದರಾಗಿನ ಕಣ ಹಿಡೀತದ. ಅದಕ್ಕೂ ಬಗ್ಗದಿದ್ರ 4 ಎಂ.ಎಂ. ತೂತಿಗೆ ಟಿ25 ಟಾರ್ಕ್ಸ್ ಬಿಟ್ ಸಣ್ಣ ಸುತ್ತಿಗಿಲೆ ಮೆಲ್ಲಕ ಬಡದು ಕೂಡಿಸಿ ಬಿಚ್ಚರಿ. ಸಿಲಿಂಡರ್ ತಗದಿಟ್ಟ ಮ್ಯಾಲೇ ಈ ಕೆಲಸ. ಬಿಚ್ಚಿದ ಸ್ಕ್ರೂ ಮತ್ತ ಹಾಕಬ್ಯಾಡ್ರಿ, ಅದೇ ಉದ್ದದ ಹೊಸಾದು ತಗೋರಿ. ಉದ್ದ 2 ಎಂ.ಎಂ. ಹೆಚ್ಚಾದ್ರೂ ತುದಿ ತಳಕ್ಕ ತಾಗಿ ಟಾರ್ಕ್ ಕ್ಲಿಕ್ ಅಂತದ, ಸ್ಟಾಕ್ ಮಾತ್ರ ಸಡಿಲೇ ಇರ್ತದ.

ಮಂಗಳೂರು_ಕೋಚ್

ಸ್ಕೋರ್ ಕೆಡುತ್ತದೆಯೇ ಎಂಬ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. 10 ಮೀಟರ್ ರೈಫಲ್ ಗುರಿಪಟದಲ್ಲಿ 10ರ ಚುಕ್ಕೆ 0.5 ಎಂ.ಎಂ. ವ್ಯಾಸದ್ದು, ಒಂದು ವೃತ್ತದಿಂದ ಇನ್ನೊಂದಕ್ಕೆ 2.5 ಎಂ.ಎಂ. ದಶಮಾಂಶ ಅಂಕದಲ್ಲಿ ಪ್ರತಿ 0.1ಕ್ಕೆ 0.25 ಎಂ.ಎಂ. ನಿಮ್ಮ ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವೆ 80 ಸೆಂ.ಮೀ. ಇದೆ ಎಂದಿಟ್ಟುಕೊಳ್ಳಿ. ಹಿಂದಿನ ಸೈಟ್ ತನ್ನ ಹಳಿಯ ಮೇಲೆ ಬರೀ 0.1 ಎಂ.ಎಂ. ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು 1.25 ಎಂ.ಎಂ. ಸರಿಯುತ್ತದೆ. ಅದು 0.5 ಅಂಕ. 60 ಹೊಡೆತಗಳ ಸರಣಿಯಲ್ಲಿ ಅದು ಎಷ್ಟಾಗುತ್ತದೆ ಎಂದು ನೀವೇ ನೋಡಿ.

ಸ್ಟಾಕ್ ಸ್ಕ್ರೂ ಕಥೆ ಬೇರೆ. ಒಂದು ಬಿಗಿ, ಇನ್ನೊಂದು ಸಡಿಲವಾದರೆ ಆ್ಯಕ್ಷನ್ (ಬ್ಯಾರೆಲ್, ಟ್ರಿಗರ್ ಇರುವ ಲೋಹದ ಭಾಗ) ಸ್ಟಾಕ್‌ನ ಮೇಲೆ ಪ್ರತಿ ಸಲ ಒಂದೇ ರೀತಿ ಕೂರುವುದಿಲ್ಲ, ಗುರಿಪಟದಲ್ಲಿ ಹೊಡೆತಗಳ ಗುಂಪು ಹರಡುತ್ತದೆ. ಜೋಡಿಸುವ ಕ್ರಮ ಹೀಗಿರಲಿ: ಸಿಲಿಂಡರ್ ಕಳಚಿ, ಬೋಲ್ಟ್ ತೆರೆದು, ಬ್ಯಾರೆಲ್‌ನಲ್ಲಿ ಪೆಲೆಟ್ ಇಲ್ಲವೆಂದು ಕಣ್ಣಾರೆ ನೋಡಿ ಸೇಫ್ಟಿ ಫ್ಲ್ಯಾಗ್ (ಬ್ಯಾರೆಲ್ ಖಾಲಿ ಎಂದು ತೋರಿಸುವ ಬಣ್ಣದ ಗುರುತು) ಹಾಕಿ. ಆ್ಯಕ್ಷನ್ ಕೂರುವ ಜಾಗವನ್ನು ಒಣ ಬಟ್ಟೆಯಲ್ಲಿ ಒರೆಸಿ, ಒಂದು ಮರಳಿನ ಕಣ ಇದ್ದರೂ ಅದರ ಮೇಲೇ ಕೂರುತ್ತದೆ. ಎರಡೂ ಸ್ಕ್ರೂಗಳನ್ನು ಬೆರಳಲ್ಲಿ ತಿರುಗಿಸಿ ತಾಗುವಷ್ಟು ತನ್ನಿ. ಆಮೇಲೆ ಒಂದಾದ ಮೇಲೊಂದು 2.5, ಮತ್ತೆ ಒಂದಾದ ಮೇಲೊಂದು 5. ಮೊದಲನೆಯದನ್ನು ಒಂದೇ ಏಟಿಗೆ 5ಕ್ಕೆ ಒಯ್ದರೆ ಆ್ಯಕ್ಷನ್ ಆ ಕಡೆಗೆ ಎಳೆದುಕೊಂಡು ಬಿಡುತ್ತದೆ.

ಈಗ ವ್ರೆಂಚ್ ಹಾಕಬಾರದ ಜಾಗ. ಗಾಳಿಯ ಸಿಲಿಂಡರ್ ಕೈಯಲ್ಲೇ ತಿರುಗಿಸಬೇಕು. ಪೈಪ್ ಪಾನಾ, ಕಟ್ಟಿಂಗ್ ಪ್ಲೇಯರ್, ರಬ್ಬರ್ ಪಟ್ಟಿ ಯಾವುದೂ ಬೇಡ. ಅಲ್ಲಿ ಗಾಳಿ ತಡೆಯುವುದು ಓ-ರಿಂಗ್ ಎಂಬ ರಬ್ಬರ್ ಉಂಗುರ, ಬಿಗಿತ ಅಲ್ಲ. ಸೋರುತ್ತಿದ್ದರೆ ಓ-ರಿಂಗ್ ಬದಲಿಸಬೇಕು, ಇನ್ನಷ್ಟು ಬಿಗಿದರೆ ಅದು ಕತ್ತರಿಸಿ ಹೋಗುತ್ತದೆ. ಓ-ರಿಂಗ್‌ಗೆ ಹೊಲಿಗೆ ಯಂತ್ರದ ಎಣ್ಣೆ, ಗಾಡಿಯ ಗ್ರೀಸ್ ಹಚ್ಚಬೇಡಿ. 200 ಬಾರ್ ಒತ್ತಡದ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳಬಲ್ಲದು. ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಹೊಳಪು ಬರುವಷ್ಟು. ಸಿಲಿಂಡರ್ ಮೇಲೆ ದಿನಾಂಕ ಕೆತ್ತಿರುತ್ತದೆ, ಅವಧಿ ಮುಗಿದಿದೆಯೇ ಎಂದು ಕೈಯಲ್ಲಿರುವಾಗಲೇ ನೋಡಿಬಿಡಿ.

ಟ್ರಿಗರ್‌ನ 1.5 ಮತ್ತು 2 ಎಂ.ಎಂ. ಸಣ್ಣ ಸ್ಕ್ರೂಗಳಿಗೂ ಟಾರ್ಕ್ ಇಲ್ಲ. ಅವು ಬಿಗಿಯುವ ಸ್ಕ್ರೂಗಳಲ್ಲ, ಹೊಂದಿಸುವ ಸ್ಕ್ರೂಗಳು. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವ ಮೊದಲು ಎಷ್ಟು, ಯಾವ ಕಡೆ ಎಂದು ಬರೆದಿಟ್ಟುಕೊಳ್ಳಿ.

ಸ್ಪ್ರಿಂಗ್ ರೈಫಲ್ ಇರುವವರೂ ಇದನ್ನು ಓದುತ್ತಿರಬಹುದು. ಮರದ ಸ್ಟಾಕ್‌ಗೆ 5 ನ್ಯೂ.ಮೀ. ಎಂಬ ಅಂಕಿ ಎತ್ತಿಕೊಳ್ಳಬೇಡಿ. ಸ್ಕ್ರೂ ತಲೆಯ ಕೆಳಗೆ ಮರದ ನಾರು ಕುಸಿಯುತ್ತದೆ. ಎರಡು ವಾರಕ್ಕೆ ಮತ್ತೆ ಸಡಿಲ, ಮತ್ತೆ ಬಿಗಿ, ಕೊನೆಗೆ ತಲೆ ಮರದೊಳಗೇ ಇಳಿದಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಲೆನ್ ಕೀಯ ಗಿಡ್ಡ ತೋಳನ್ನು ಎರಡು ಬೆರಳಲ್ಲಿ ಹಿಡಿದು ಬಿಗಿದಷ್ಟು ಸಾಕು, ತಲೆಯ ಕೆಳಗೆ ಅಗಲ ವಾಷರ್ ಇರಲಿ. ಪಿಸ್ಟನ್ ಮುಂದಕ್ಕೂ ಹಿಂದಕ್ಕೂ ಒದೆಯುವುದರಿಂದ ಈ ಸ್ಕ್ರೂಗಳು ಸಡಿಲವಾಗುವುದು ಸಹಜ. ಎಳೆ ಒಣಗಿ ಸ್ವಚ್ಛವಾದ ಮೇಲೆ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಕದಲದಂತೆ ಹಿಡಿಯುವ ಅಂಟು) ಒಂದೇ ಹನಿ, ಪೂರ್ತಿ ಗಟ್ಟಿಯಾಗಲು 24 ಗಂಟೆ. ಪ್ಲಾಸ್ಟಿಕ್ ಭಾಗಕ್ಕೆ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಬಿರಿಯುತ್ತವೆ. ಮುಖ್ಯ ಸ್ಪ್ರಿಂಗ್ ಹೊರತೆಗೆಯುವ ಕೆಲಸಕ್ಕೆ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಕೈ ಹಾಕಲೇಬೇಡಿ. ಪಿನ್ ಬಿಟ್ಟ ಕ್ಷಣ ಸ್ಪ್ರಿಂಗ್ ಹಾರಿ ಬರುತ್ತದೆ.

ತುಮಕೂರು_10ಮೀ

ಎಲ್ಲರಿಗೂ ಧನ್ಯವಾದ. 2ರಿಂದ 14ರ ವ್ರೆಂಚ್, 4 ಮತ್ತು 5 ಎಂ.ಎಂ. ಅಳತೆಯ ಉದ್ದನೆಯ ಬಿಟ್, ಬಿಡಿ ಕೀಗಳು ಎಂದು ಪಟ್ಟಿ ಮಾಡಿಕೊಂಡೆ. ಎರಡು ಸಂದೇಹ. ನನ್ನ ಸ್ಟಾಕ್ ಸ್ಕ್ರೂಗೂ ನೀಲಿ ಥ್ರೆಡ್ ಲಾಕರ್ ಬೇಕೇ? ಅಗ್ಗದ ವ್ರೆಂಚ್ ಸರಿ ಇದೆಯೇ ಎಂದು ಮನೆಯಲ್ಲಿ ಪರೀಕ್ಷಿಸಬಹುದೇ?

ಶ್ರುತಿ_ಟೂಲ್‌ರೂಂ

ಆಗಾಗ ಬಿಚ್ಚುವ ಸ್ಕ್ರೂಗೆ ಬೇಡ. ದ್ರವ ಹಚ್ಚಿದಾಗ ಎಳೆಯ ಘರ್ಷಣೆ ಕಡಿಮೆಯಾಗುತ್ತದೆ, ಅದೇ 5 ನ್ಯೂ.ಮೀ.ಗೆ ಒಣ ಸ್ಕ್ರೂಗಿಂತ ಹೆಚ್ಚು ಬಿಗಿ ಬೀಳುತ್ತದೆ. ಎಣ್ಣೆ ಹಚ್ಚಿದರೂ ಹಾಗೆಯೇ. ಕೈಪಿಡಿಯ ಅಂಕಿ ಒಣ ಎಳೆಗೋ ಎಣ್ಣೆ ಹಚ್ಚಿದ ಎಳೆಗೋ ಎಂದು ಒಮ್ಮೆ ನೋಡಿ. ಲಾಕರ್ ಬದಲು ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಸ್ಟಾಕ್‌ವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ತೆಳು ಗೆರೆ ಎಳೆಯಿರಿ. ಸ್ಕ್ರೂ ಕದಲಿದರೆ ಗೆರೆ ಎರಡಾಗಿ ಕಾಣುತ್ತದೆ, ರೇಂಜಿನಲ್ಲಿ ಒಂದು ನೋಟಕ್ಕೆ ಗೊತ್ತಾಗುತ್ತದೆ.

ಪರೀಕ್ಷೆ ಮಾಡಬಹುದು. ವ್ರೆಂಚಿನ ಚೌಕಕ್ಕೆ ಬಿಟ್ ಹಾಕಿ ಬಿಟ್ಟನ್ನು ವೈಸ್‌ನಲ್ಲಿ ಕಚ್ಚಿಸಿ, ತೋಳು ಅಡ್ಡಕ್ಕೆ ನೆಲಕ್ಕೆ ಸಮಾನವಾಗಿರಲಿ. 5ಕ್ಕೆ ಸೆಟ್ ಮಾಡಿ. ಚೌಕದ ಮಧ್ಯದಿಂದ ಹಿಡಿಯ ಮಧ್ಯಕ್ಕೆ 20 ಸೆಂ.ಮೀ. ಇದೆ ಎಂದುಕೊಳ್ಳಿ. ಅಲ್ಲಿ ಒಂದು ಖಾಲಿ ಕ್ಯಾನ್ ತೂಗುಹಾಕಿ ಲೋಟದಿಂದ ನಿಧಾನವಾಗಿ ನೀರು ಸುರಿಯುತ್ತಾ ಹೋಗಿ. ವ್ರೆಂಚಿನ ಸ್ವಂತ ಭಾರ ಮರೆಯಬೇಡಿ: 400 ಗ್ರಾಂ ವ್ರೆಂಚ್ ಚೌಕದಿಂದ 8 ಸೆಂ.ಮೀ. ದೂರದಲ್ಲಿ ಬೆರಳ ಮೇಲೆ ಸಮತೂಕ ನಿಂತರೆ ಅದೊಂದೇ 0.3 ನ್ಯೂ.ಮೀ. ಕೊಡುತ್ತದೆ. ಅದನ್ನು ಕಳೆದರೆ ಕ್ಯಾನ್ ಮತ್ತು ನೀರು ಸೇರಿ ಸುಮಾರು 2.4 ಕೆ.ಜಿ.ಗೆ ಕ್ಲಿಕ್ ಬರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. 2.25ರಿಂದ 2.55ರೊಳಗೆ ಇದ್ದರೆ ವ್ರೆಂಚ್ ಇಟ್ಟುಕೊಳ್ಳಿ. ಐದು ಸಲ ಮಾಡಿ, ಐದೂ ಬೇರೆಬೇರೆ ಬಂದರೆ ಅಂಗಡಿಗೆ ವಾಪಸ್ ಕೊಡಿ.