ಶಾಲೆಗೆ ಬಂದು ಪಾಠ ಮಾಡಿ ನೋಡುವ ಡಿಗ್ರಿ ವಿದ್ಯಾರ್ಥಿಗಳಿಗೆ ತಪ್ಪು ಹೇಳುವುದು ಹೇಗೆ?

ಗಣಿತ ಟೀಚರ್, ಧಾರವಾಡ:
ಹುಬ್ಬಳ್ಳಿ–ಧಾರವಾಡ ನಡುವಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಈ ವರ್ಷ ಬಿ.ಎಸ್‌ಸಿ. ಕೊನೆಯ ವರ್ಷದ ಇಬ್ಬರು ಹುಡುಗಿಯರು ಶನಿವಾರದ ಬೆಳಗಿನ ಶಾಲೆಗೆ ಚಿಗರಿ ಬಸ್ ಹಿಡಿದು ಬರುತ್ತಿದ್ದಾರೆ. ಬಿ.ಇಡಿ. ಇನ್ನೂ ಸೇರಿಲ್ಲ. ಈ ಕೆಲಸ ತಮಗೆ ಒಗ್ಗುತ್ತದೆಯೇ ಅಂತ ನೋಡಿಕೊಳ್ಳಲು ಬಂದವರು. ಅವರ ಉತ್ಸಾಹ ನೋಡಿದರೆ ನನಗೆ ತುಂಬ ಖುಷಿ.

ಕಳೆದ ವಾರ ಒಬ್ಬಳು ಆರನೇ ಇಯತ್ತೆಗೆ ಭಿನ್ನರಾಶಿ ಹೋಲಿಕೆ ತೆಗೆದುಕೊಂಡಳು. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆದು, ಛೇದ ಸಮ ಮಾಡಿ, ಬೋರ್ಡ್ ತುಂಬ ಚೆಂದ ಬರೆದಳು. "ತಿಳೀತಾ?" ಅಂದಳು. ಇಡೀ ಕ್ಲಾಸು "ಹೂಂ ರೀ ಅಕ್ಕೋರ" ಅಂತು. ಆಮೇಲೆ ನಾನು ಒಬ್ಬ ಹುಡುಗನ ಪಕ್ಕ ಕೂತು, ಮೂರನೇ ಒಂದು ದೊಡ್ಡದೋ ನಾಲ್ಕನೇ ಒಂದು ದೊಡ್ಡದೋ ಅಂತ ಕೇಳಿದೆ. "ನಾಲ್ಕ ದೊಡ್ಡದಲ್ರೀ, ಅದಕ್ಕ ನಾಲ್ಕನೇ ಒಂದು" ಅಂದ. ಅವಳು ಅಷ್ಟರಲ್ಲಿ ಸಂತೋಷದಿಂದ ಹೊರಟಿದ್ದಳು. ಇದನ್ನು ಅವಳಿಗೆ ಹೇಗೆ ಹೇಳಲಿ?

ಇನ್ನೊಂದು ವಿಷಯ. ಒಬ್ಬ ಶಿಕ್ಷಕರು ದೀರ್ಘ ರಜೆ ಹಾಕುತ್ತಿದ್ದಾರೆ. ಆ ತರಗತಿ ಈ ಹುಡುಗಿಯರಿಗೇ ಕೊಡೋಣ ಅನ್ನುವ ಮಾತಿದೆ. ನನಗೆ ಮನಸ್ಸಿಲ್ಲ.

ನಿವೃತ್ತ ಶಿಕ್ಷಕ, ಗದಗ:
ಟೀಚರ್, ಹೇಳಲೇಬೇಕು. ಆದರೆ "ನಿನ್ನ ಪಾಠ" ಅಂತ ಶುರು ಮಾಡಬೇಡಿ, ಆ ಹುಡುಗನ ಉತ್ತರದಿಂದ ಶುರು ಮಾಡಿ. ಮುಂದಿನ ಶನಿವಾರ ಅವಳಿಗೆ ಪಾಠವೇ ಬೇಡ. ನಾಲ್ಕೈದು ಮಕ್ಕಳ ಜೊತೆ ಕೂರಿಸಿ, ಅದೇ ಪ್ರಶ್ನೆ ಕೇಳಿಸಿ. ಉತ್ತರ ತಿದ್ದಬಾರದು. "ಯಾಕೆ ಹಂಗಂದಿ?" ಅಂತ ಕೇಳಬೇಕು, ಮಕ್ಕಳು ಹೇಳಿದ್ದನ್ನು ಹಾಗೇ ಬರೆದುಕೊಳ್ಳಬೇಕು, ಅಷ್ಟೇ.

ಆ ಹುಡುಗ ದಡ್ಡನಲ್ಲ. ಮೂರಕ್ಕಿಂತ ನಾಲ್ಕು ದೊಡ್ಡದು ಅಂತ ನಾವೇ ಕಲಿಸಿದ್ದೇವೆ, ಅದನ್ನೇ ಇಲ್ಲಿಗೂ ತಂದಿದ್ದಾನೆ. ಲಸಾಅ ಲೆಕ್ಕ ಎಷ್ಟು ಸರಿ ಮಾಡಿಸಿದರೂ ಈ ಗೊಂದಲ ಅಲ್ಲೇ ಇರುತ್ತದೆ. ಪಾವ್ ಕಿಲೋ ಸಕ್ಕರೆ, ಅರ್ಧ ಕಿಲೋ ಸಕ್ಕರೆ ಅಂಗಡಿಯಿಂದ ತರುವ ಮಕ್ಕಳು ಇವರು. ಪಾವ್ ಅಂದರೆ ನಾಲ್ಕನೇ ಒಂದು, ಅರ್ಧ ಅಂದರೆ ಎರಡನೇ ಒಂದು. ಹಾಗಾದರೆ ಯಾವುದು ಜಾಸ್ತಿ ತೂಗುತ್ತದೆ ಅಂತ ಕೇಳಿಸಿ. ಆಮೇಲೆ ಕಾಗದ ಮಡಚಲಿ, ಲಸಾಅ ಕೊನೆಗೆ ಬರಲಿ.

ಅವಳು ಪಾಠ ಮಾಡುವಾಗ ನಡುವೆ ಬಾಯಿ ಹಾಕಬೇಡಿ. ಮಕ್ಕಳ ಮುಂದೆ ಒಮ್ಮೆ ಮುಖ ಸಣ್ಣದಾದರೆ ಅವಳಿಗೆ ಮತ್ತೆ ಧೈರ್ಯ ಬರುವುದು ಕಷ್ಟ. ಬೋರ್ಡ್ ಮೇಲೆ ತಪ್ಪು ಲೆಕ್ಕ ಉಳಿಯುವ ಹಾಗಿದ್ದರೆ, ಇಲ್ಲವೇ ಯಾವುದಾದರೂ ಮಗುವಿಗೆ ಅವಮಾನ ಆಗುತ್ತಿದ್ದರೆ ಮಾತ್ರ ಎದ್ದು ಹೋಗಿ.

ಬಿ.ಇಡಿ. ವಿದ್ಯಾರ್ಥಿ, ಹಾವೇರಿ:
ರಜೆಯ ತರಗತಿ ದಯವಿಟ್ಟು ಕೊಡಬೇಡಿ ಮೇಡಂ. ಬಿ.ಇಡಿ. 2 ವರ್ಷದ ಕೋರ್ಸು, ಅದರಲ್ಲಿ ಒಟ್ಟು 20 ವಾರ ಶಾಲೆಯಲ್ಲೇ ಇರಬೇಕು. 6ರಿಂದ 8ನೇ ತರಗತಿಗೆ ಕಲಿಸಲು ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) 2ನೇ ಪತ್ರಿಕೆ ಪಾಸಾಗಬೇಕು, ಆಮೇಲೆ ನೇಮಕಾತಿ ಪರೀಕ್ಷೆ. ಇಷ್ಟು ದೂರದ ದಾರಿ ಹಿಡಿಯಬೇಕೋ ಬೇಡವೋ ಅಂತ ಅವರು ಈಗ ನೋಡುತ್ತಿದ್ದಾರೆ. ಶಿಕ್ಷಕರಿಲ್ಲದ ತರಗತಿಯಲ್ಲಿ ಅವರನ್ನು ಬಿಟ್ಟರೆ ಗದ್ದಲ ಅಡಗಿಸುವುದೇ ಶಿಕ್ಷಕರ ಕೆಲಸ ಅಂದುಕೊಂಡು ಹೋಗುತ್ತಾರೆ. ನಿಮ್ಮ ಪಾಠ ಅವರಿಗೆ ತೋರಿಸಿ. ನಡುವೆ ಒಂದು ಪ್ರಶ್ನೆ ಯಾಕೆ ಬದಲಿಸಿದಿರಿ ಅಂತ ಆಮೇಲೆ ಹೇಳಿ. ನನಗೆ ಅಂಥವರು ಸಿಕ್ಕಿದ್ದರಿಂದಲೇ ನಾನು ಬಿ.ಇಡಿ. ಸೇರಿದೆ.

ಮುಖ್ಯ ಶಿಕ್ಷಕಿ, ನವಲಗುಂದ ತಾಲ್ಲೂಕು:
ಬದಲಿ ವ್ಯವಸ್ಥೆ ಕೇಳಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಪತ್ರ ಬರೆಯುವುದು ಶಾಲೆಯ ಕೆಲಸ. ಆ ಹುಡುಗಿಯರ ಮೇಲೆ ಹಾಕುವಂಥದ್ದಲ್ಲ. ನಿಮ್ಮ ಮುಖ್ಯಗುರುಗಳಿಗೆ ಸಮಾಧಾನವಾಗಿ ಹೇಳಿ, ಕೇಳುತ್ತಾರೆ.

ಹಾಜರಿ ಪುಸ್ತಕವನ್ನೂ ಅವರಿಗೆ ತೋರಿಸಿ. ನಮ್ಮ ಎರೆಭೂಮಿ ಊರುಗಳಲ್ಲಿ ಹೆಸರುಕಾಳಿನ ಬೆಳೆ ಕೀಳುವಾಗ, ಹತ್ತಿ ಬಿಡಿಸುವಾಗ ಬೆಂಚು ಖಾಲಿ ಇರುತ್ತವೆ. ಎರಡು ವಾರ ಬಿಟ್ಟು ಬಂದ ಮಗು ಛೇದ ಅಂದರೇನು ಅಂತ ಕೇಳಿದರೆ ಸಿಟ್ಟಾಗಬಾರದು ಅನ್ನುವುದು ಆಗ ಅವರಿಗೇ ಗೊತ್ತಾಗುತ್ತದೆ.

ಗಣಿತ ಟೀಚರ್, ಧಾರವಾಡ:
ಎಲ್ಲರಿಗೂ ಧನ್ಯವಾದ. ಮುಖ್ಯಗುರುಗಳ ಹತ್ತಿರ ನಾಳೆಯೇ ಮಾತಾಡುತ್ತೇನೆ. ಗದಗಿನ ಸರ್, ಇನ್ನೊಬ್ಬಳ ಬಗ್ಗೆ ಒಂದು ಮಾತು. ಮಕ್ಕಳ ಪಕ್ಕ ಕೂತು ಚೆನ್ನಾಗಿ ಹೇಳಿಕೊಡುತ್ತಾಳೆ, ಮುಂದೆ ನಿಲ್ಲು ಅಂದರೆ ಒಲ್ಲೆ ಅನ್ನುತ್ತಾಳೆ. ಒತ್ತಾಯ ಮಾಡಲೇ?

ನಿವೃತ್ತ ಶಿಕ್ಷಕ, ಗದಗ:
ಬೇಡ. ಪಾಠದ ಮೊದಲ ಐದು ನಿಮಿಷದ ಬಾಯಿಲೆಕ್ಕ ಅವಳಿಗೆ ಕೊಡಿ. ಪ್ರಶ್ನೆಗಳನ್ನು ಅವಳೇ ಬರೆದು ತರಲಿ, ನೀವು ಪಕ್ಕದಲ್ಲೇ ನಿಂತಿರಿ.